ಹಾಡಿಗೆ ಅಂತಲೇ ಬೇರೆ ಸ್ವಿಚ್ ಬೇಕಾ?

ಊರಿಗೆ ಫೈಬರ್ ಬಂತು, ಹಿಂದೆಯೇ ಬುದ್ಧಿ ಹೇಳುವವರೂ ಬಂದರು. ರೂಟರ್‌ನ ಪೋರ್ಟ್ ಸಾಲದೆ ಟಿವಿ, ಕಂಪ್ಯೂಟರ್, ಮ್ಯೂಸಿಕ್ ಸಿಸ್ಟಮ್ಮಿಗೆ ಕೇಬಲ್ ಎಳೆಯಲು ಒಂದು ಸ್ವಿಚ್ ಹುಡುಕಿದರೆ, 'ಹಾಡು ಇಂಪಾಗಿ ಕೇಳಬೇಕಾದರೆ ಆಡಿಯೊಫೈಲ್ ಸ್ವಿಚ್ಚೇ ಬೇಕು' ಅನ್ನುವ ವಿಡಿಯೊಗಳು ಸಿಗುತ್ತವೆ. ಅಂಥವುಗಳಲ್ಲಿ ಲಕ್ಷ ರೂಪಾಯಿ ದಾಟಿದವೂ ಇವೆ. ಇದು ಹಗಲು ದರೋಡೆ.

ಸಿಡಿ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್ ಸಾಕು. ದಾರಿಯಲ್ಲಿ ಒಂದು ಚೂರು ಕಳೆದುಹೋದರೆ ಆ್ಯಪ್ ಮತ್ತೆ ತರಿಸಿಕೊಂಡು, ಜೋಡಿಸಿ, ಆಮೇಲೆ ನುಡಿಸುತ್ತದೆ. ಟಪಾಲು ಚೀಲ ರೇಷ್ಮೆಯದಾದರೆ ಒಳಗಿನ ಕಾಗದದ ಅಕ್ಷರ ದುಂಡಗಾಗುತ್ತದಾ? ದುಡ್ಡಿದ್ದರೆ ಸ್ಪೀಕರಿಗೆ ಹಾಕಿ.

ನಿಜವಾದ ಮೋಸ ಬೇರೆ ಕಡೆ ಇದೆ. ನೀವು 300 ಎಂಬಿಪಿಎಸ್ ಪ್ಲಾನಿಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತೀರಿ. ಅಂಗಡಿಯವರು '10/100' ಸ್ವಿಚ್ ಕೊಟ್ಟಿರುತ್ತಾರೆ. ಅದಕ್ಕೆ ಚುಚ್ಚಿದ ಯಾವುದಕ್ಕೂ 100ರ ಮೇಲೆ ಬರುವುದಿಲ್ಲ. ನಮ್ಮ ಮನೆಯಲ್ಲೇ ಎಂಟು ತಿಂಗಳು ಹೀಗೆ ಕಟ್ಟಿದೆವು. ಪಾಪ, ಬೈಗುಳವೆಲ್ಲ ಕನೆಕ್ಷನ್ ಕೊಟ್ಟ ಹುಡುಗನಿಗೆ!

ಡಬ್ಬದ ಮೇಲೆ '10/100/1000' ಅಥವಾ 'ಗಿಗಾಬಿಟ್' ಅಂತ ಇಲ್ಲದಿದ್ದರೆ ವಾಪಸ್ ಕೊಡಿ. ಐದು ಪೋರ್ಟಿನ ಸಾದಾ ಅನ್‌ಮ್ಯಾನೇಜ್ಡ್ ಸ್ವಿಚ್ ಮನೆಗೆ ಧಾರಾಳ. ಕೇಬಲ್ ಕ್ಯಾಟ್ 5ಇ ಇರಲಿ, ಒಳಗಿನ ಎಂಟೂ ಎಳೆ ಕನೆಕ್ಟರಿಗೆ ಸೇರಿರಲಿ. ನಾಲ್ಕೇ ಎಳೆ ಕೂಡಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಆಗ ಗಿಗಾಬಿಟ್ ಸ್ವಿಚ್ ಕೂಡ 100ಕ್ಕೇ ನಿಲ್ಲುತ್ತದೆ.

ಹಾಗೆಯೇ ರೂಟರ್ ಇರುವ ಯುಪಿಎಸ್‌ಗೇ ಸ್ವಿಚ್ಚನ್ನೂ ಸೇರಿಸಿ. ಕರೆಂಟ್ ಹೋದಾಗ ಹಾಡು ನಿಲ್ಲುವುದು ಅಲ್ಲೇ.