ಪಾರ್ಶ್ವವಾಯು: ಮೂರನೆಯ ದಿನದ ಹೊಣೆ ಯಾರದು?

ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿದ್ದ ನನ್ನ ದೊಡ್ಡಪ್ಪನವರಿಗೆ ಕೆಲವು ವರ್ಷಗಳ ಹಿಂದೆ ಪಾರ್ಶ್ವವಾಯು ಬಡಿಯಿತು. ಲಕ್ವಕ್ಕೆ ನಾಟಿ ಔಷಧಿಯೇ ಮೇಲೆಂದವರ ಮಾತು ಕೇಳದೆ ಬೇಗನೆ ಆಸ್ಪತ್ರೆಗೆ ಸೇರಿಸಿದೆವು. ಎರಡನೆಯ ದಿನ ಮಾತು ತುಸು ಮರಳಿದಾಗ ಗಂಡಾಂತರ ಕಳೆಯಿತೆಂದು ಭಾವಿಸಿದೆವು. ಅಂದು ಸಂಜೆ ಮಲಗಿದ್ದವರ ಬಾಯಿಗೆ ಎಳನೀರು ಹಾಕಿದವನು ನಾನೇ. ಅವರು ಕೆಮ್ಮಿದರು. ಮರುದಿನ ಜ್ವರ, ಮಂಪರು, ಬಳಿಕ ನ್ಯುಮೋನಿಯಾ. ವಾರ ಕಳೆಯುವುದರೊಳಗೆ ತೀರಿಕೊಂಡರು. ನುಂಗುವ ಶಕ್ತಿಯನ್ನು ಪರೀಕ್ಷಿಸದೆ ಹನಿ ನೀರನ್ನೂ ಕೊಡಬಾರದೆಂದು ನಮಗೆ ಯಾರೂ ಹೇಳಿರಲಿಲ್ಲ.

ಪಾರ್ಶ್ವವಾಯುವೆಂದರೆ ವಿದ್ಯಾವಂತರಿಗೆ ಈಗ ನೆನಪಾಗುವುದು ನಾಲ್ಕೂವರೆ ಗಂಟೆಯ ಗಡುವು. ಮೆದುಳಿನ ರಕ್ತನಾಳಕ್ಕೆ ಅಡ್ಡಬಂದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಅಷ್ಟರೊಳಗೆ ಕೊಡಬೇಕು. ಇದು ಸತ್ಯ, ಆದರೆ ಪೂರ್ಣ ಸತ್ಯವಲ್ಲ. ಎರಡನೆಯ ಪೆಟ್ಟು ಅನಂತರ ಬೀಳುತ್ತದೆ. ಸಾಯುತ್ತಿರುವ ಜೀವಕೋಶಗಳು ಹೊರಸೂಸುವ ರಾಸಾಯನಿಕಗಳಿಂದ ಮೆದುಳಿನ ಕಾವಲು ಕೋಶಗಳು ಕೆರಳುತ್ತವೆ. ರಕ್ತಕ್ಕೂ ಮೆದುಳಿಗೂ ನಡುವಿನ ತಡೆಗೋಡೆ ಸಡಿಲವಾಗುತ್ತದೆ. ಕೆಲವೇ ಗಂಟೆಗಳಲ್ಲಿ ಬಿಳಿ ರಕ್ತಕಣಗಳು ಒಳನುಗ್ಗತೊಡಗುತ್ತವೆ. ಎರಡರಿಂದ ಐದನೆಯ ದಿನದ ನಡುವೆ ಬಾವು ಹೆಚ್ಚುತ್ತದೆ. ಇದೇ ಉರಿಯೂತ. ವಿಪರ್ಯಾಸವೆಂದರೆ, ಮೆದುಳಿನಲ್ಲಿ ರೋಗನಿರೋಧಕ ಕೋಶಗಳು ದಾಂದಲೆ ನಡೆಸುತ್ತಿರುವಾಗಲೇ ದೇಹದ ಉಳಿದೆಡೆ ಆ ಶಕ್ತಿ ಕುಂದುತ್ತದೆ. ಶ್ವಾಸಕೋಶದ ಸೋಂಕು ಸುಲಭವಾಗಿ ತಗಲುವುದು ಆಗಲೇ.

ಈ ಕೋಶಗಳನ್ನೇ ತಡೆದರೆ ಹೇಗೆ? ವಿಜ್ಞಾನಿಗಳು ಅದನ್ನೂ ಪ್ರಯತ್ನಿಸಿದ್ದಾರೆ. ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಗೆ ಅಂಟದಂತೆ ಮಾಡುವ ಎನ್ಲಿಮೊಮ್ಯಾಬ್ ಎಂಬ ಔಷಧದ ಪ್ರಯೋಗದ ವರದಿ 2001ರಲ್ಲಿ ಪ್ರಕಟವಾಯಿತು. 625 ರೋಗಿಗಳ ಪೈಕಿ ಔಷಧ ಪಡೆದವರಲ್ಲೇ ಜ್ವರವೂ ಸಾವೂ ಹೆಚ್ಚಾಗಿದ್ದವು. ನಟಾಲಿಜುಮ್ಯಾಬ್ ಔಷಧವು ಮೆದುಳಿನ ಗಾಯ ಹರಡುವುದನ್ನು ತಗ್ಗಿಸಲಿಲ್ಲವೆಂದು 2017ರಲ್ಲಿ ತಿಳಿದುಬಂತು. ಸತ್ತ ಅಂಗಾಂಶವನ್ನು ತೆರವುಗೊಳಿಸಿ ಗಾಯ ಮಾಯಲು ನೆರವಾಗುವುದೂ ಇದೇ ಬಗೆಯ ಕೋಶಗಳಾದ್ದರಿಂದ ಇವನ್ನು ಸಾರಾಸಗಟಾಗಿ ಅಡಗಿಸುವುದು ಸರಿಯಾದ ದಾರಿಯಲ್ಲ. ಸಂಶೋಧನೆ ಮುಂದುವರಿಯಲೇಬೇಕು. ಆದರೆ ಕೈಯಲ್ಲಿರುವ ಉಪಾಯವನ್ನು ಬಿಟ್ಟು ಬರಲಿರುವ ಮದ್ದಿಗಾಗಿ ಕಾಯುವುದು ವಿವೇಕವಲ್ಲ.

ಆ ಉಪಾಯ ಸರಳವಾದುದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಕೆಲವು ಘಟಕಗಳಲ್ಲಿ ದಾದಿಯರು ಮೊದಲ ಮೂರು ದಿನ ಜ್ವರ, ರಕ್ತದ ಸಕ್ಕರೆ ಹಾಗೂ ನುಂಗುವ ಶಕ್ತಿಯನ್ನು ಕ್ರಮಬದ್ಧವಾಗಿ ಗಮನಿಸಿ ನಿಭಾಯಿಸಿದರು. ಮೂರು ತಿಂಗಳ ನಂತರ ಅಲ್ಲಿ ಮೃತರು ಅಥವಾ ಪರಾವಲಂಬಿಗಳು ಶೇ 42ರಷ್ಟಿದ್ದರೆ, ಉಳಿದ ಕಡೆ ಶೇ 58ರಷ್ಟಿದ್ದರು. ಅಚ್ಚರಿಯೇನಿಲ್ಲ. ಜ್ವರ ಮತ್ತು ಏರಿದ ಸಕ್ಕರೆ ಮೊದಲೇ ಉರಿಯುತ್ತಿರುವ ಮೆದುಳಿಗೆ ತುಪ್ಪ ಸುರಿದಂತೆ.

ಇದಕ್ಕೆ ಕೋಟ್ಯಂತರ ರೂಪಾಯಿಯ ಯಂತ್ರ ಬೇಕಿಲ್ಲ. ಥರ್ಮಾಮೀಟರ್, ಸಕ್ಕರೆ ಅಳೆಯುವ ಪುಟ್ಟ ಸಾಧನ ಮತ್ತು ತರಬೇತಾದ ದಾದಿ ಇದ್ದರೆ ಸಾಕು. ಕೊನೆಯದೇ ನಮ್ಮಲ್ಲಿ ದುರ್ಲಭ. ಒಬ್ಬ ದಾದಿಗೆ ಇಡೀ ವಾರ್ಡನ್ನೇ ಒಪ್ಪಿಸಿ ತರಬೇತಿಯ ಮಾತಾಡುವುದು ಆತ್ಮವಂಚನೆ. ನಿಮ್ಹಾನ್ಸ್ ಹಾಗೂ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮ ಸ್ವಾಗತಾರ್ಹ. ಅದರ ಫಲ ತಾಲ್ಲೂಕು ಆಸ್ಪತ್ರೆಯ ಹಾಸಿಗೆಯವರೆಗೂ ತಲುಪಬೇಕು. ಖಾಲಿ ಹುದ್ದೆಗಳು ತುಂಬಬೇಕು; ಈ ಮೂರು ತಪಾಸಣೆಗಳು ಖಾಸಗಿ ನರ್ಸಿಂಗ್ ಹೋಮ್‌ಗಳಿಗೂ ಕಡ್ಡಾಯವಾಗಬೇಕು; ರೋಗಿಯ ಕಡೆಯವರಿಗೆ ಕನ್ನಡದಲ್ಲಿ ತಿಳಿವಳಿಕೆ ನೀಡಬೇಕು.

‘ಪರೀಕ್ಷೆಯಾಗುವವರೆಗೆ ಬಾಯಿಗೆ ಏನನ್ನೂ ಹಾಕಬೇಡಿ’ ಎಂಬ ಒಂದು ಸಾಲಿನ ಫಲಕ ಅಂದು ಆ ಮಂಚದ ತಲೆದೆಸೆಯಲ್ಲಿ ಇದ್ದಿದ್ದರೆ, ಎಳನೀರು ಹಿಡಿದ ನನ್ನ ಕೈ ತಡೆಯುತ್ತಿತ್ತು.