ಬೀಳುವ ಪಾಠ

ಕ್ರೀಡಾಸಂಘವನ್ನು ಅದು ಗಳಿಸಿದ ಪದಕಗಳಿಂದ ಅಳೆಯುವುದು ವಾಡಿಕೆ. ನನಗಿದು ಒಪ್ಪಿಗೆಯಿಲ್ಲ. ಸೋತು ಬಂದವರನ್ನು ಅದು ಹೇಗೆ ನಡೆಸಿಕೊಂಡಿತೆಂಬುದನ್ನು ನೋಡಬೇಕು.

ಬ್ರೆಜಿಲಿನ ರಿಯೊ ನಗರದಲ್ಲಿ ಜೂಡೋಪಟು ಫ್ಲಾವಿಯೊ ಕಾಂಟೊ ಅವರು 2003ರಲ್ಲಿ ‘ರೆಯಸಾಂವ್’ ಎಂಬ ಸಂಸ್ಥೆಯನ್ನು ಕಟ್ಟಿ, ಬಡಕೇರಿಗಳ ಮಕ್ಕಳಿಗೆ ಜೂಡೋದೊಡನೆ ವಿದ್ಯೆಯನ್ನೂ ಕೊಡಿಸತೊಡಗಿದರು. ಜೂಡೋದ ಮೊದಲ ಪಾಠವೇ ಪೆಟ್ಟಾಗದಂತೆ ಬೀಳುವುದು. (ತೊಡೆ ತಟ್ಟಲು ಹಂಬಲಿಸುವ ಹುಡುಗರಿಗೆ ಇದು ರುಚಿಸದೇನೋ!) ಅಲ್ಲಿ ಪಳಗಿದ ರಾಫೇಲಾ ಸಿಲ್ವಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಿಯಮ ಮೀರಿದ ಹಿಡಿತಕ್ಕಾಗಿ ಅನರ್ಹಳಾದಳು. ಸ್ವದೇಶೀಯರೇ ಆಕೆಯ ಮೈಬಣ್ಣವನ್ನೆತ್ತಿ ನಿಂದಿಸಿದರು. ಆಟವನ್ನೇ ತೊರೆಯಲು ಯೋಚಿಸಿದವಳನ್ನು ಬಾಲ್ಯದ ಗುರು ಜೆರಾಲ್ಡೊ ಬೆರ್ನಾರ್ಡೆಸ್ ಕೈಬಿಡಲಿಲ್ಲ. 2013ರಲ್ಲಿ ಆಕೆ ವಿಶ್ವವಿಜೇತೆಯಾದಳು. 2016ರಲ್ಲಿ ತನ್ನ ರಿಯೊದಲ್ಲಿಯೇ ಒಲಿಂಪಿಕ್ ಚಿನ್ನ ಗೆದ್ದಳು. ಅದು ಬಾರದಿದ್ದರೂ ನಾನು ಆ ಸಂಘವನ್ನು ಇಷ್ಟೇ ಮೆಚ್ಚುತ್ತಿದ್ದೆ.