ಯೀರ್ಕ್ ಕೂತಿರುವುದು ಎಲ್ಲಿ?



ಮೊನ್ನೆಯ ಸಮಾರಂಭದಲ್ಲಿ, ಊಟದ ಸಾಲಿನಲ್ಲಿ ನಿಂತಿದ್ದಾಗ ಹಿರಿಯರೊಬ್ಬರು ಮೊಮ್ಮಗನ ಕೈಲಿದ್ದ ಪುಸ್ತಕ ನೋಡಿ, "ದೆವ್ವ ಮೆಟ್ಟಿಕೊಳ್ಳುವ ಕಥೆ! ಇಂಥದ್ದನ್ನು ಓದುತ್ತಾ ಕೂತರೆ ಕನ್ನಡ ಎಲ್ಲಿಂದ ಬರಬೇಕು?" ಎಂದು ಗದರಿದರು. ಪುಸ್ತಕದ ಹೆಸರು 'ಆನಿಮಾರ್ಫ್ಸ್'. ಹಿರಿಯರ ಮಾತಿಗೆ ನನ್ನ ತಕರಾರಿದೆ.

ಮಿಷಿಗನ್‌ನಲ್ಲೇ ಹುಟ್ಟಿದ ಕ್ಯಾಥರಿನ್ ಆಪಲ್‌ಗೇಟ್ ತಮ್ಮ ಪತಿ ಮೈಕೇಲ್ ಗ್ರಾಂಟ್ ಜೊತೆಗೂಡಿ ಶುರುಮಾಡಿದ ಮಾಲಿಕೆ ಇದು. 1996ರಿಂದ 2001ರವರೆಗೆ 54 ಪುಸ್ತಕಗಳು ಬಂದವು. 2020ರಲ್ಲಿ ಚಿತ್ರಕಥೆಯಾಗಿ ಮತ್ತೆ ಬಂತು. ಯೀರ್ಕ್ ಎಂಬ, ಚಿಪ್ಪಿಲ್ಲದ ಬಸವನಹುಳುವಿನಂಥ ಅನ್ಯಲೋಕದ ಜೀವಿ ಕಿವಿಯಿಂದ ಒಳನುಗ್ಗಿ ಮಿದುಳನ್ನು ಆವರಿಸುತ್ತದೆ. ಕೈ, ಕಾಲು, ನಾಲಿಗೆ ಎಲ್ಲ ಅದರ ವಶ. ಒಳಗಿನ ಮನುಷ್ಯ ಎಚ್ಚರವಾಗಿಯೇ ಇರುತ್ತಾನೆ, ಆದರೆ ಒಂದು ಮಾತೂ ಆಡಲಾರ.

ಈಗ ನಮ್ಮ ವೇದಿಕೆಗೆ ಬನ್ನಿ. ಯುಗಾದಿ ನಾಟಕದ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುತ್ತೇವೆ. ಅರ್ಥ ಹೇಳಲು ಪುರುಸೊತ್ತಿಲ್ಲ. ಮಗು ಉರು ಹೊಡೆದು ಒಪ್ಪಿಸುತ್ತದೆ. ನಾವು ವಿಡಿಯೋ ಮಾಡಿ ಊರಿಗೆ ಕಳಿಸುತ್ತೇವೆ. ಅಲ್ಲಿ ಮಾತಾಡಿದ್ದು ಯಾರು? ಯೀರ್ಕ್ ಪುಸ್ತಕದಲ್ಲಿಲ್ಲ ಸ್ವಾಮಿ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದೆ! ಇದನ್ನು ನನಗೂ ಸೇರಿಸಿಯೇ ಹೇಳುತ್ತಿದ್ದೇನೆ. "ನಾನು ಏನು ಹೇಳಿದೆ ಅಮ್ಮ?" ಎಂದು ನನ್ನ ಮಗಳು ಕೇಳಿದ್ದು ಚಪ್ಪಾಳೆ ಎಲ್ಲ ಮುಗಿದ ಮೇಲೆ.

ಪರಕಾಯ ಪ್ರವೇಶ ನಮಗೇನೂ ಹೊಸದಲ್ಲ. ಶಂಕರಾಚಾರ್ಯರು ಅಮರುಕ ರಾಜನ ದೇಹ ಹೊಕ್ಕ ಕಥೆ ಕೇಳಿಯೇ ಬೆಳೆದವರು ನಾವು. ಆದರೆ ಅದು ಸತ್ತ ರಾಜನ ದೇಹ, ಖಾಲಿ ಮನೆ. ನಮ್ಮ ಮಕ್ಕಳು ಖಾಲಿ ಮನೆಗಳಲ್ಲ.

"ಒತ್ತಾಯ ಮಾಡದಿದ್ದರೆ ಕನ್ನಡ ಉಳಿಯುತ್ತದೆಯೇ?" ಎನ್ನುತ್ತೀರಿ. ಒತ್ತಾಯ ಮಾಡಿದ್ದಕ್ಕೆ ಎಷ್ಟು ಉಳಿದಿದೆ, ಹೇಳಿ? 2002ರಲ್ಲಿ ಡೆಟ್ರಾಯಿಟ್, 2008ರಲ್ಲಿ ಚಿಕಾಗೋ 'ಅಕ್ಕ' ವಿಶ್ವ ಕನ್ನಡ ಸಮ್ಮೇಳನವನ್ನೇ ಕಂಡಿವೆ. ವೇದಿಕೆ ಕಟ್ಟುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅದರ ಮೇಲೆ ಮಕ್ಕಳ ಸ್ವಂತ ಮಾತು ಎಷ್ಟು ಎಂಬುದೇ ಪ್ರಶ್ನೆ.

ಹಿರಿಯರು ಗದರಿದ ಆ ಮಾಲಿಕೆಯಲ್ಲೇ ಉತ್ತರವೂ ಇದೆ. 29ನೆಯ ಪುಸ್ತಕದಲ್ಲಿ ಟಿಡ್‌ವೆಲ್ ಎಂಬ ಮೇಷ್ಟರೂ ಇಲ್ಲಿಮ್ ಎಂಬ ಯೀರ್ಕೂ ಪರಸ್ಪರ ಒಪ್ಪಿ ಒಂದೇ ದೇಹದಲ್ಲಿ ಬಾಳುತ್ತಾರೆ. ಮೈ ಒಂದೇ, ಮನಸ್ಸು ಎರಡು. ಬಲವಂತ ಮಾತ್ರ ಇಲ್ಲ. ಇಂಗ್ಲಿಷಿನ ಪಕ್ಕದಲ್ಲಿ ಕನ್ನಡ ಇರಬೇಕಾದದ್ದೂ ಹೀಗೆಯೇ.

ಕಾರ್ಯಕಾರಿ ಸಮಿತಿಗೆ ಒಂದು ಸಲಹೆ. ಬರುವ ದೀಪಾವಳಿಗೆ ಮಕ್ಕಳೇ ಬರೆದ ಹತ್ತು ನಿಮಿಷದ ನಾಟಕ ಇರಲಿ. ಈ ಯೀರ್ಕ್ ಕಥೆಯನ್ನೇ ಆಡಲಿ, ಹುಳುವಿಗೆ ಕನ್ನಡದ ಹೆಸರನ್ನು ಅವರೇ ಇಡಲಿ. ಅರ್ಧ ಇಂಗ್ಲಿಷ್ ಬೆರೆತರೂ ಚಿಂತೆಯಿಲ್ಲ. ತಿದ್ದಲೇಬೇಕು ಎನ್ನುವವರು ಊಟ ಆದಮೇಲೆ ತಿದ್ದಲಿ.

ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ. ಬರೆಯುವ ಮೊದಲು ಮನೆಯ ಮಕ್ಕಳನ್ನು ಒಂದು ಮಾತು ಕೇಳಿ.